ಹಿಂಬರಹ

ನನ್ನ ತಮ್ಮ ಹುಟ್ಟಿದ್ದಾನೆ ಎನ್ನುವುದಕ್ಕೆ ಸರ್ಕಾರದ ಬಳಿ ಪುರಾವೆ ಇರಲಿಲ್ಲ. ಮೂವತ್ಮೂರು ವರ್ಷ ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಅವನು ಕನ್ನಡ ಸಾಲಿಗೆ ಹೋದ, ಎಸ್ಸೆಸ್ಸೆಲ್ಸಿ ಪಾಸಾದ, ಇಂಜಿನಿಯರ್ ಆದ, ಬೆಂಗಳೂರಿನಲ್ಲಿ ಕೆಲಸ ಹಿಡಿದ. ಪಾಸ್‌ಪೋರ್ಟ್ ಕೂಡ ಸಿಕ್ಕಿತು. ಆಗಿನ ನಿಯಮದಲ್ಲಿ 1989ರ ಜನವರಿ 26ರಿಂದ ಈಚೆಗೆ ಹುಟ್ಟಿದವರಿಗೆ ಮಾತ್ರ ಜನನ ಪ್ರಮಾಣಪತ್ರ ಕಡ್ಡಾಯ ಇತ್ತು. ಇವನು 1988ರವನು. ಕೂದಲೆಳೆಯಲ್ಲಿ ಪಾರಾಗಿದ್ದ.

2021ರಲ್ಲಿ ನೆದರ್ಲೆಂಡ್ಸ್‌ನ ಕೆಲಸ ಗಟ್ಟಿಯಾಯಿತು. ಒಂದು ರಾತ್ರಿ ಫೋನ್ ಮಾಡಿದ.

"ಅಕ್ಕಾ, ನನ್ನ ಬರ್ತ್ ಸರ್ಟಿಫಿಕೇಟ್ ಎಲ್ಲೈತಿ ನೋಡು. ಅದಕ್ಕ ಅಪೋಸ್ಟಿಲ್ ಮಾಡಿಸಬೇಕಂತ."

ನನಗೆ ಕೇಳಿಸಿದ್ದು ಪೋಸ್ಟಲ್ ಅಂತ. ಸ್ಪೀಡ್ ಪೋಸ್ಟ್ ಮಾಡಿದರೆ ಆಯಿತಲ್ಲ, ಅದಕ್ಕೆ ಇಷ್ಟು ಗಾಬರಿ ಯಾಕೆ ಅಂದೆ. ಅವನು ನಕ್ಕ. ಆ ನಗು ಒಂದು ವರ್ಷ ನಡೆಯುತ್ತದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಅವ್ವನನ್ನು ಕೇಳಿದೆ. ಟ್ರಂಕಿನಲ್ಲಿ ಏನಾದರೂ ಇದೆಯಾ ಅಂತ. ಟ್ರಂಕಿನಲ್ಲಿ ಹೊಲದ ಉತಾರ ಇತ್ತು, ಮುಳುಗಡೆ ಪರಿಹಾರದ ನೋಟಿಸ್ ಇತ್ತು, ಅಪ್ಪನ ಮರಣ ಪ್ರಮಾಣಪತ್ರ ಇತ್ತು. ತಮ್ಮನದು ಇರಲಿಲ್ಲ. "ಅಂವಾ ನನ್ನ ಹೊಟ್ಟ್ಯಾಗ ಹುಟ್ಯಾನ. ಅದಕ್ಕ ಕಾಗದ ಯಾಕ ಬೇಕವಾ?" ಅಂದಳು. ಅವಳ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು.

ಜನನ ಮರಣ ನೋಂದಣಿ ಕಾಯ್ದೆ 1969ರದು. ಕರ್ನಾಟಕದಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂದರೆ 1988ರಲ್ಲಿ ಕಾನೂನು ಇತ್ತು, ರಿಜಿಸ್ಟರೂ ಇತ್ತು. ಆದರೆ ಕೂಸು ಹುಟ್ಟಿದ್ದು ಮನೆಯ ಪಡಸಾಲೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಅಪ್ಪ ಬಡಿಗತನದ ಕೆಲಸಕ್ಕೆ ಊರೂರು ತಿರುಗುವವ. ಹೋಗಿ ಬರೆಸಬೇಕು ಅಂತ ಯಾರಿಗೂ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೂ, ಬರೆದುಕೊಳ್ಳಬೇಕಾದವರು ಆ ದಿನ ಊರಲ್ಲಿ ಇದ್ದರೋ ಇಲ್ಲವೋ.

ಆ ಊರು ಈಗ ಇಲ್ಲ. ಘಟಪ್ರಭೆಯ ದಂಡೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು. ಬಾಗಲಕೋಟೆಯ ಹಳೇ ಪಟ್ಟಣದ ದೊಡ್ಡ ಭಾಗವೂ ಅದೇ ನೀರಿಗೆ ಹೋಯಿತು, ಅದಕ್ಕೇ ನಾವೆಲ್ಲ ಈಗ ನವನಗರದಲ್ಲಿದ್ದೇವೆ. ರಸ್ತೆ ಅಗಲ, ಮನೆಗಳು ಸಾಲಾಗಿ, ಬೀದಿಗೆ ಹೆಸರಿಲ್ಲ, ಸೆಕ್ಟರ್ ನಂಬರ್. ಅವ್ವ ಇನ್ನೂ ಒಮ್ಮೊಮ್ಮೆ ಸೆಕ್ಟರ್ ತಪ್ಪಿ ಪಕ್ಕದ ಓಣಿಗೆ ಹೋಗುತ್ತಾಳೆ.

ನಮ್ಮ ಕಡೆ ಅರ್ಜಿ ಬರೆಯುವಾಗ ಎಲ್ಲರಿಗೂ ಈ ಪ್ರಶ್ನೆ ಎದುರಾಗುತ್ತದೆ. "ಯಾವ ಊರ್ರಿ?" "ಮುಳುಗಡಿ ಊರ್ರಿ." "ಹಳೇದೋ ಹೊಸಾದೋ?" ಹೊಸದು ಅಂದರೆ ಪುನರ್ವಸತಿ ಕೇಂದ್ರ, ಅದೇ ಹೆಸರು, ಬೇರೆ ನೆಲ. ತಮ್ಮ ಹುಟ್ಟಿದ್ದು ಹಳೆಯದರಲ್ಲಿ. ಆಗ ಜಿಲ್ಲೆ ವಿಜಾಪುರ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2014ರ ನವೆಂಬರ್ 1ಕ್ಕೆ ವಿಜಾಪುರವೇ ವಿಜಯಪುರ ಆಯಿತು. ಹೀಗಾಗಿ ಅವನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಜಾಗ ಬಿಜಾಪುರ, ಹೊಸದಾಗಿ ಬರೆಸಬೇಕಾದದ್ದು ಬಾಗಲಕೋಟೆ, ಊರು ನೀರಿನಡಿ. ಒಂದು ಕೂಸು ಒಂದು ಪಡಸಾಲೆಯಲ್ಲಿ ಹುಟ್ಟಿ ಎರಡು ಜಿಲ್ಲೆಯ ವಿಳಾಸ ಗಿಟ್ಟಿಸಿತ್ತು.

ಮೊದಲ ಕೆಲಸ, ಅವನ ಹೆಸರು ರಿಜಿಸ್ಟರಿನಲ್ಲಿ ಇಲ್ಲ ಅಂತ ಬರೆಸಿಕೊಳ್ಳುವುದು. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ. ಇದೆ ಅನ್ನುವುದಕ್ಕೆ ಪ್ರಮಾಣಪತ್ರ ಬೇಕಾದರೆ ಮೊದಲು ಇಲ್ಲ ಅನ್ನುವುದಕ್ಕೆ ಪತ್ರ ಬೇಕು. ಅರ್ಜಿ ಕೊಟ್ಟೆ. ಹಳೇ ರಿಜಿಸ್ಟರು ಹುಡುಕಬೇಕು ಅಂದರು. ಊರು ಖಾಲಿ ಮಾಡುವಾಗ ಗಂಟು ಕಟ್ಟಿ ಸಾಗಿಸಿದ ಪುಸ್ತಕಗಳು. ಗಂಟು ಬಿಚ್ಚುವವರು ರಜೆ. ಮೂರು ಸಲ ಹೋದ ಮೇಲೆ ಒಂದು ಹಾಳೆ ಕೈಗೆ ಬಂತು. ಜನನ ದಾಖಲೆ ಲಭ್ಯವಿಲ್ಲ ಅಂತ ಎರಡು ಸಾಲು, ಕೆಳಗೆ ಸಹಿ, ಶಿಕ್ಕಾ. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಹಿಂಬರಹ" ಎಂದಿತ್ತು. ಕಚೇರಿಯವರು ಅರ್ಜಿಗೆ ಕೊಡುವ ಉತ್ತರಕ್ಕೆ ಹಿಂಬರಹ ಅನ್ನುತ್ತಾರೆ. ಇದ್ದದ್ದು ಹಾಳೆಯ ಮುಂದುಗಡೆಯೇ, ಹೆಸರು ಮಾತ್ರ ಹಿಂಬರಹ. ನಾನು ಕನ್ನಡ ಪಾಠ ಮಾಡುವವಳು, ಇಂಥದ್ದು ಕಣ್ಣಿಗೆ ಬೇಗ ಬೀಳುತ್ತದೆ.

ಆಮೇಲೆ ಕೋರ್ಟು. ಹುಟ್ಟಿ ಒಂದು ವರ್ಷ ದಾಟಿದರೆ ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರ ಆದೇಶ ಬೇಕು ಅಂತ ಕಾಯ್ದೆಯ 13ನೇ ಕಲಮಿನಲ್ಲಿತ್ತು. (2023ರ ತಿದ್ದುಪಡಿ ಆದಮೇಲೆ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಹೋಗಿದೆ. ಈಗ ಮಾಡಿಸುವವರು ನನ್ನ ದಾರಿ ನೋಡಿಕೊಂಡು ಕೋರ್ಟಿಗೆ ಹೋಗಬೇಡಿ.) ವಕೀಲರು ಒಳ್ಳೆಯವರು. "ಇಂಥವು ದಿನಾ ಬರ್ತಾವ್ರಿ ಅಕ್ಕಾರ, ಹೆದರಬ್ಯಾಡ್ರಿ" ಅಂದರು. ಸಾಲಿಯ ದಾಖಲಾತಿ ರಿಜಿಸ್ಟರಿನ ನಕಲು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪೇಪರಿನಲ್ಲಿ ಜಾಹೀರಾತು, ಅಫಿಡವಿಟ್ಟು, ಒಬ್ಬ ಸಾಕ್ಷಿ. ಸಾಕ್ಷಿ ಅಂದರೆ ಅವ್ವ.

ತಾರೀಖಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ದಾಖಲೆಯಲ್ಲಿ ತಮ್ಮ ಹುಟ್ಟಿದ್ದು ಜೂನ್ 1. ನಮ್ಮ ಕಡೆಯ ಅರ್ಧ ಜನರ ಹಾಗೆ. ಸಾಲಿ ಶುರುವಾಗುವುದು ಜೂನ್‌ನಲ್ಲಿ. ಅಪ್ಪ ಕೈ ಹಿಡಿದು ಕರೆದುಕೊಂಡು ಹೋಗುತ್ತಾನೆ, ಮಾಸ್ತರರು ವಯಸ್ಸು ಕೇಳುತ್ತಾರೆ, ಅಪ್ಪ ತಲೆ ಕೆರೆಯುತ್ತಾನೆ. ಮಾಸ್ತರರು ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಜೂನ್ 1 ಅಂತ ಬರೆಯುತ್ತಾರೆ. ನಾನು ನೌಕರಿಗೆ ಸೇರಿದ ಮೇಲೆ ಹಳೇ ರಿಜಿಸ್ಟರ್ ತೆಗೆದು ನೋಡಿದ್ದೇನೆ. ಪುಟದ ಮೇಲಿಂದ ಕೆಳಗಿನವರೆಗೆ ಜೂನ್ 1, ಜೂನ್ 1, ಜೂನ್ 1. ಆ ಒಂದು ದಿನ ಇಷ್ಟೊಂದು ಕೂಸುಗಳು ಹುಟ್ಟಿದ್ದರೆ ನಮ್ಮ ತಾಲೂಕಿನ ಸೂಲಗಿತ್ತಿಯರು ಬದುಕುತ್ತಿರಲಿಲ್ಲ.

ನಿಜವಾಗಿ ಅವನು ಹುಟ್ಟಿದ್ದು ಬನದ ಹುಣ್ಣಿಮೆಯ ಮರುದಿನ. ಬಾದಾಮಿಯ ಬನಶಂಕರಿ ಜಾತ್ರೆಯ ತೇರು ಎಳೆದ ಮರುದಿನ. ಅತ್ತೆ ಜಾತ್ರೆಯಿಂದ ಬಾಣಂತಿಗೆ ಅಂತ ಗಾಜಿನ ಬಳೆ ತಂದಿದ್ದಳಂತೆ. ಅಂದರೆ ಜನವರಿ. ಮಾಸ್ತರರು ಅವನನ್ನು ಐದು ತಿಂಗಳು ಸಣ್ಣವನನ್ನಾಗಿ ಮಾಡಿದ್ದರು. ಅದರಿಂದ ಅವನಿಗೆ ಲಾಭವೇ ಆಗಿದೆ ಬಿಡಿ, ನಿವೃತ್ತಿ ಐದು ತಿಂಗಳು ಮುಂದೆ.

ಕೋರ್ಟಿನ ದಿನ ಅವ್ವ ಇಳಕಲ್ ಸೀರೆ ಉಟ್ಟಳು. ಹೆಸರು ಕೂಗಿದರು. ಕಟಕಟೆಯಲ್ಲಿ ನಿಲ್ಲಲು ಅವಳಿಗೆ ಭಯ ಇರಲಿಲ್ಲ, ಮೊಣಕಾಲು ನೋವಿತ್ತು ಅಷ್ಟೆ. ಊರು ಯಾವುದು, ಮನೆಯಲ್ಲಿ ಹುಟ್ಟಿದನೋ ದವಾಖಾನೆಯಲ್ಲೋ, ಎಷ್ಟನೇ ಮಗು ಅಂತ ಕೇಳಿದರು. ಹೇಳಿದಳು. ತಾರೀಖು ಕೇಳಿದರು. ಅವ್ವ ಒಂದು ಗಳಿಗೆ ಸುಮ್ಮನಿದ್ದಳು. ನನ್ನ ಎದೆ ಡವಗುಟ್ಟಿತು. ಈಗ ಬನದ ಹುಣ್ಣಿಮೆ ಬರುತ್ತದೆ, ತೇರು ಬರುತ್ತದೆ, ಬಳೆ ಬರುತ್ತದೆ.

"ಸಾಲ್ಯಾಗ ಬರದಾರಲ್ಲರಿ ಸಾಹೇಬರ, ಅದ ಇರಲಿ" ಅಂದಳು.

ಸಾಹೇಬರು ತಲೆ ಎತ್ತಿ ಅವಳನ್ನು ನೋಡಿದರು. ಅವರೂ ಈ ಕಡೆಯವರೇ ಇರಬೇಕು. ಏನೂ ಕೇಳಲಿಲ್ಲ. ಅವ್ವ ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಬೆರಳಿನ ಶಾಯಿಯನ್ನು ಕೋರ್ಟಿನ ಗೋಡೆಗೆ ಒರೆಸಿದಳು. ಆ ಗೋಡೆಯ ಮೇಲೆ ಅಂಥ ನೀಲಿ ಗುರುತು ನೂರಾರು ಇದ್ದವು.

ಆದೇಶ ಬಂತು, ನೋಂದಣಿ ಆಯಿತು, ಪ್ರಮಾಣಪತ್ರ ಬಂತು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಇತ್ತು. ಮೂವತ್ಮೂರು ವರ್ಷದ ಗಡ್ಡದ ಗಂಡಸಿಗೆ "ಮಗುವಿನ ಹೆಸರು" ಎಂಬ ಕಾಲಮಿನಲ್ಲಿ ಹೆಸರು. ನಾನು ಫೋಟೋ ಕಳಿಸಿದೆ. ಅವನು "ಅಭಿನಂದನೆ ಅಕ್ಕಾ, ಗಂಡು ಮಗು" ಅಂತ ಬರೆದ.

ಖುಷಿ ಎರಡು ದಿನ. ಮೂರನೇ ದಿನ ನಮ್ಮ ಅಡ್ಡಹೆಸರು ಅಡ್ಡ ಬಂತು. ಕನ್ನಡದಲ್ಲಿ ಬಡಿಗೇರ. ಇದರಲ್ಲಿ ಗೊಂದಲ ಏನೂ ಇಲ್ಲ. ಇಂಗ್ಲಿಷಿಗೆ ಹೋದಕೂಡಲೇ ಅದು ಮೂರು ಮನೆತನ ಆಗುತ್ತದೆ. ಪಾಸ್‌ಪೋರ್ಟಿನಲ್ಲಿ ಕೊನೆಗೆ ಆರ್. ಅಪ್ಪನ ಮರಣ ಪ್ರಮಾಣಪತ್ರದಲ್ಲಿ ಆರ್ ಆದಮೇಲೆ ಒಂದು ಎ. ಹೊಸ ಜನನ ಪ್ರಮಾಣಪತ್ರದಲ್ಲಿ ಜಿ ಆದಮೇಲೆ ಎರಡು ಇ. ಉತ್ತರ ಕರ್ನಾಟಕದ ಅಡ್ಡಹೆಸರುಗಳ ಗೋಳೇ ಇದು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಹೆಸರಿನವರು ಪಾಪ ಏನು ಮಾಡುತ್ತಾರೋ. ಕನ್ನಡದಲ್ಲಿ ಕಾಗುಣಿತ ಇದೆ, ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಟೈಪ್ ಮಾಡುವವನ ಮನಸ್ಸು. ಬದಲಿಸಬೇಕಾದದ್ದು ಪಾಸ್‌ಪೋರ್ಟನ್ನಲ್ಲ, ಹೊಸ ಕಾಗದವನ್ನು, ಅಂತ ತಿಳಿದವರು ಹೇಳಿದರು. ತಿದ್ದಿಸಿದೆ. ಅಪ್ಪನ ಎರಡು ಸ್ಪೆಲ್ಲಿಂಗೂ ಒಬ್ಬನೇ ಮನುಷ್ಯನವು ಅಂತ ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿಟ್ಟೆ. ಸತ್ತು ಒಂಬತ್ತು ವರ್ಷ ಆದ ಅಪ್ಪ ತಾನು ತಾನೇ ಅಂತ ಮಗಳಿಂದ ಹೇಳಿಸಬೇಕಾಯಿತು.

ಅಷ್ಟರಲ್ಲಿ ತಮ್ಮ ಹೊರಟೇಬಿಟ್ಟ. 2022ರ ಆರಂಭ. ಅಲ್ಲಿ ನಾಲ್ಕು ತಿಂಗಳಿಗಿಂತ ಜಾಸ್ತಿ ಇರುವವರು ಹೋದ ಐದು ದಿನದೊಳಗೆ ಊರಿನ ನಗರಸಭೆಯಲ್ಲಿ ಹೆಸರು ಬರೆಸಬೇಕಂತೆ. ಬರೆಸಿದ. ಜನನ ಪ್ರಮಾಣಪತ್ರ ಆಮೇಲೆ ತಂದು ತೋರಿಸು, ಆದರೆ ಅಪೋಸ್ಟಿಲ್ ಇರಬೇಕು ಅಂದರು. ನಮ್ಮಲ್ಲಿ ಕಾಗದ ಇಲ್ಲದಿದ್ದರೆ ಕಿಟಕಿ ಮುಚ್ಚುತ್ತಾರೆ, ಅಲ್ಲಿ ಕಾಯುತ್ತೇವೆ ಅಂದರು ಅಂತ ಅವನಿಗೆ ಆಶ್ಚರ್ಯ.

ಈಗ ಅಪೋಸ್ಟಿಲ್ ಅಂದರೆ ಏನು ಅಂತ ನಾನು ಕಲಿತೆ. ನಮ್ಮೂರಿನ ರಿಜಿಸ್ಟ್ರಾರ್ ಸಹಿ ನೆದರ್ಲೆಂಡ್ಸ್‌ನವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿಲ್ಲ. ಅದಕ್ಕೇ ಇವರ ಸಹಿಗೆ ಬೆಂಗಳೂರಿನಲ್ಲಿ ಒಬ್ಬರು ಸಹಿ ಹಾಕುತ್ತಾರೆ. ಬೆಂಗಳೂರಿನವರ ಸಹಿಗೆ ವಿದೇಶಾಂಗ ಸಚಿವಾಲಯದವರು ಸಹಿ ಹಾಕುತ್ತಾರೆ. ಹಿಂದೆ ಇಷ್ಟಕ್ಕೂ ಮುಗಿಯುತ್ತಿರಲಿಲ್ಲ, ಆ ದೇಶದ ರಾಯಭಾರ ಕಚೇರಿಯವರೂ ಮೇಲೊಂದು ಶಿಕ್ಕಾ ಒತ್ತಬೇಕಿತ್ತು. ಈ ಸರಪಳಿ ಮೊಟಕು ಮಾಡಲು 1961ರ ಅಕ್ಟೋಬರ್ 5ರಂದು ಹೇಗ್ ಎಂಬ ಊರಿನಲ್ಲಿ ಒಂದು ಒಪ್ಪಂದ ಆಯಿತು. ಒಪ್ಪಂದದ ದೇಶಗಳ ನಡುವೆ ರಾಯಭಾರ ಕಚೇರಿಗೆ ಹೋಗುವ ಅಗತ್ಯ ಇಲ್ಲ, ಒಂದು ಚೀಟಿ ಸಾಕು. ಆ ಚೀಟಿಯೇ ಅಪೋಸ್ಟಿಲ್. ಭಾರತಕ್ಕೆ ಇದು ಜಾರಿಗೆ ಬಂದದ್ದು 2005ರ ಜುಲೈ 14ರಂದು. ಹೇಗ್ ಇರುವುದು ನೆದರ್ಲೆಂಡ್ಸ್‌ನಲ್ಲೇ. ತಮ್ಮ ನಿಯಮ ಹುಟ್ಟಿದ ದೇಶಕ್ಕೇ ಹೋಗಿ ಸಿಕ್ಕಿಬಿದ್ದಿದ್ದ.

ಬೆಂಗಳೂರಿಗೆ ನಾನೇ ಹೋಗುತ್ತೇನೆ ಅಂದೆ. ಏಜೆಂಟರ ಮೇಲೆ ನನಗೆ ಅನುಮಾನ, ಅದು ಮೇಷ್ಟ್ರುಗಳ ರೋಗ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಕಾಗದ ಮಡಚಬಾರದು ಅಂತ ಎರಡು ರಟ್ಟಿನ ನಡುವೆ ಇಟ್ಟು, ಅದನ್ನು ಸೀರೆಯ ಕೆಳಗೆ ಇಟ್ಟು, ರಾತ್ರಿ ಎರಡು ಸಲ ಎದ್ದು ಮುಟ್ಟಿ ನೋಡಿದೆ.

ಬೆಳಗಾವಿಯಲ್ಲಿ ನಮಗೊಂದು ಸುವರ್ಣ ವಿಧಾನಸೌಧ ಇದೆ. 2012ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದರು. ಚಳಿಗಾಲದಲ್ಲಿ ಅಧಿವೇಶನ ನಡೆದಾಗ ಕಾರುಗಳು, ಮೈಕುಗಳು, ಧರಣಿಗಳು. ಆಮೇಲೆ ಆ ದೊಡ್ಡ ಬಿಳಿ ಕಟ್ಟಡ ಹೆಚ್ಚಿನ ದಿನ ಸುಮ್ನೆ ನಿಂತಿರುತ್ತದೆ. ಕಾಗದದ ಮೇಲೆ ಒಂದು ಶಿಕ್ಕಾ ಬೀಳಬೇಕಾದರೆ ಮಾತ್ರ ನಾವು ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬೆಂಗಳೂರಿಗೆ. ನನಗೆ ಇದರ ಬಗ್ಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಒಂದೇ ಸಮಾಧಾನ ಅಂದರೆ ವಿಟಿಯು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಅದು 1998ರಿಂದ ಬೆಳಗಾವಿಯಲ್ಲಿ ಕೂತಿದೆ. ವಿಟಿಯುನಲ್ಲಿ ಇಂಜಿನಿಯರಿಂಗ್ ಓದಿದ ಬೆಂಗಳೂರಿನವರ ಪದವಿಯ ಮೇಲೆ ಇರುವುದು ಬೆಳಗಾವಿಯ ಸಹಿ. ರೈಲಿನಲ್ಲಿ ಇದನ್ನು ನೆನೆಸಿಕೊಂಡು ಒಬ್ಬಳೇ ನಕ್ಕೆ.

ಬೆಂಗಳೂರಿನಲ್ಲಿ ಕೆಲಸ ಆಗಲಿಲ್ಲ. ಒಂದು ಕಚೇರಿಯ ಒಂದು ಮೇಜಿನ ಮುಂದೆ ಎರಡು ತಾಸು ನಿಂತ ಮೇಲೆ, ಸಹಿ ಹೊಂದುತ್ತಿಲ್ಲ ಅಂದರು. ಅಲ್ಲಿ ಅಧಿಕಾರಿಗಳ ಮಾದರಿ ಸಹಿ ಇಟ್ಟಿರುತ್ತಾರೆ. ನಮ್ಮ ಕಾಗದಕ್ಕೆ ಸಹಿ ಹಾಕಿದವರು ಹೊಸಬರು, ಅವರ ಮಾದರಿ ಇನ್ನೂ ಬಂದಿರಲಿಲ್ಲ. ಹಳಬರಿಗೆ ವರ್ಗ ಆಗಿತ್ತು. ಸಹಿ ನಿಜ, ಸಹಿ ಹಾಕಿದ ಮನುಷ್ಯ ನಿಜ, ನಾನೇ ಎದುರಿಗೆ ನಿಂತು ನೋಡಿದ್ದೇನೆ ಅಂದೆ. "ನೀವು ನೋಡಿದ್ರೆ ಆಗಲ್ಲ ಮೇಡಂ, ನಾವು ನೋಡಿರಬೇಕು" ಅಂದರು. ಯೋಚನೆ ಮಾಡಿದರೆ ಅವರು ಹೇಳಿದ್ದು ಸರಿಯೇ. ಇಡೀ ವ್ಯವಸ್ಥೆ ನಿಂತಿರುವುದು ಆ ಮಾತಿನ ಮೇಲೆ. ಆದರೆ ಆ ಹೊತ್ತಿನಲ್ಲಿ ನನಗೆ ಅಳು ಬಂತು. ಬಸ್ ಸ್ಟಾಪಿನಲ್ಲಿ ಕೂತು ರೊಟ್ಟಿ ತಿಂದೆ. ರಾತ್ರಿ ಅದೇ ರೈಲು, ಉಲ್ಟಾ.

ಎರಡನೇ ಸಲ ಏಜೆಂಟ್. ಸೋತೆ. ಆದರೆ ಒಂದು ವಿಷಯ ತಿಳಿಯಿತು: ವಿದೇಶಾಂಗ ಸಚಿವಾಲಯ 2012ರಿಂದ ಜನರ ಕೈಯಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ಅದು ನೇಮಿಸಿದ ಏಜೆನ್ಸಿಗಳ ಮೂಲಕವೇ ಹೋಗಬೇಕು. 2019ರಿಂದ ಬೆಂಗಳೂರಿನಂಥ ಊರುಗಳಲ್ಲೇ ಆ ಕೆಲಸ ಆಗುತ್ತದೆ, ಎಲ್ಲವೂ ದೆಹಲಿಗೆ ಹೋಗಬೇಕಿಲ್ಲ. ಅಪೋಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ನಾನು ಒಟ್ಟು ಕೊಟ್ಟದ್ದು ಆರು ಸಾವಿರದ ಮೇಲೆ. ನಡುವಿನ ದುಡ್ಡು ಎಲ್ಲಿ ಹೋಯಿತು ಅಂದರೆ, ನನ್ನಂಥವರ ಅನುಮಾನ, ಆತುರ, ರೈಲು ತಪ್ಪಿಸಿಕೊಳ್ಳುವ ಆಸೆ, ಇವಕ್ಕೆ ಹೋಯಿತು. ಅದನ್ನು ಮೋಸ ಅನ್ನಲಾರೆ. ಎರಡು ಸಲ ಬೆಂಗಳೂರಿಗೆ ಹೋಗಿ ಬರುವ ಖರ್ಚು, ರಜೆ, ಬೆನ್ನುನೋವು ಸೇರಿಸಿದರೆ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ. ಮೊದಲೇ ಗೊತ್ತಿದ್ದರೆ ಮೊದಲ ಸಲವೇ ಕೊಡುತ್ತಿದ್ದೆ, ಅಷ್ಟೇ ಬೇಜಾರು.

ಏಜೆಂಟ್ ಹುಡುಗ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಲ್ಯಾಮಿನೇಷನ್ ಮಾಡ್ಸಿಲ್ಲ ತಾನೆ ಮೇಡಂ?" ಪುಣ್ಯಕ್ಕೆ ಮಾಡಿಸಿರಲಿಲ್ಲ. ನಮ್ಮ ಜನ ಮುಖ್ಯ ಕಾಗದ ಕೈಗೆ ಬಂದಕೂಡಲೇ ಝೆರಾಕ್ಸ್ ಅಂಗಡಿಗೆ ಓಡಿ ಪ್ಲಾಸ್ಟಿಕ್ ಹಾಕಿಸುತ್ತಾರೆ, ದೇವರ ಫೋಟೋಕ್ಕೆ ಕಟ್ಟು ಹಾಕಿಸಿದ ಹಾಗೆ. ಪ್ಲಾಸ್ಟಿಕ್ ಮೇಲೆ ಶಿಕ್ಕಾ ಕೂರುವುದಿಲ್ಲ. ನನ್ನ ಶಾಲೆಯ ಮಕ್ಕಳಿಗೆ ಈಗ ಪ್ರತಿ ವರ್ಷ ಅಂಕಪಟ್ಟಿ ಕೊಡುವಾಗ ಇದೊಂದು ಹೇಳುತ್ತೇನೆ. ಯಾವನಾದರೂ ಮುಂದೆ ಎಲ್ಲಿಗೋ ಹೋದಾಗ ನೆನೆಸಿಕೊಂಡಾನು.

ಪಕ್ಕದ ಮನೆಯ ಹುಡುಗ ಆಗಲೇ ದುಬೈಗೆ ಹೊರಟಿದ್ದ. ನನಗಾದದ್ದು ಕೇಳಿ, ಒಂದು ಚೀಟಿ ಸಾಕಲ್ಲ ಅಂತ ಅವನ ತಾಯಿ ಖುಷಿಪಟ್ಟರು. ಸಾಕಾಗುವುದಿಲ್ಲ. ಯುಎಇ ಈ ಒಪ್ಪಂದದಲ್ಲಿ ಇಲ್ಲ, ಕತಾರ್, ಕುವೈತ್ ಕೂಡ ಇಲ್ಲ. ಅಲ್ಲಿಗೆ ಹೋಗುವವರಿಗೆ ಈಗಲೂ ಹಳೇ ಸರಪಳಿಯೇ. ರಾಜ್ಯ, ಸಚಿವಾಲಯ, ಆ ದೇಶದ ರಾಯಭಾರ ಕಚೇರಿ. ಅದಾದಮೇಲೆ ಅಲ್ಲಿ ಇಳಿದು ಅವರ ವಿದೇಶಾಂಗ ಇಲಾಖೆಯ ಶಿಕ್ಕಾ. ಸೌದಿ 2022ರ ಡಿಸೆಂಬರ್‌ನಿಂದ ಒಪ್ಪಂದದೊಳಗೆ ಬಂದಿದೆ. ಜರ್ಮನಿಯದು ಇನ್ನೊಂದು ತರಹ: ಅದು ಒಪ್ಪಂದದಲ್ಲಿ ಇದೆ, ಆದರೆ ಭಾರತದ ಸೇರ್ಪಡೆಗೆ ಆಕ್ಷೇಪ ಹಾಕಿದ್ದರಿಂದ ನಮ್ಮ ಚೀಟಿ ಅಲ್ಲಿ ನಡೆಯುವುದಿಲ್ಲ. ಒಬ್ಬರ ಅನುಭವ ಇನ್ನೊಬ್ಬರಿಗೆ ಆಗಿಬರುವುದಿಲ್ಲ ಅನ್ನುವುದು ಈ ವಿಷಯದಲ್ಲಿ ಪೂರ್ತಿ ನಿಜ. ಹೋಗುವ ದೇಶ ಯಾವುದು ಅಂತ ಮೊದಲು ಕೇಳಬೇಕು, ಉಳಿದದ್ದು ಆಮೇಲೆ.

ಮೇ ತಿಂಗಳಲ್ಲಿ ಕವರ್ ಬಂತು. ಕಾಗದ ತೆಗೆದು ಮುಂದುಗಡೆ ನೋಡಿದೆ, ಏನೂ ಬದಲಾಗಿರಲಿಲ್ಲ. ತಿರುಗಿಸಿದೆ. ಬೆನ್ನಿನ ಮೇಲೆ ಒಂದೆರಡು ಶಿಕ್ಕಾ, ಅವುಗಳ ಪಕ್ಕ ಒಂದು ಸ್ಟಿಕ್ಕರ್. ಇದು ನಿಜವಾದ ಹಿಂಬರಹ.

ಸ್ಟಿಕ್ಕರನ್ನು ಪರೀಕ್ಷೆಯ ಪೇಪರ್ ತಿದ್ದುವ ಹಾಗೆ ಓದಿದೆ. ತಲೆಬರಹ ಫ್ರೆಂಚಿನಲ್ಲಿ, ಎಲ್ಲ ದೇಶದಲ್ಲೂ ಹಾಗೇ ಇರಬೇಕು ಅಂತ ಒಪ್ಪಂದದಲ್ಲೇ ಬರೆದಿದೆ. ಚೌಕದ ಒಂದೊಂದು ಬದಿ ಕನಿಷ್ಠ 9 ಸೆಂಟಿಮೀಟರ್ ಇರಬೇಕು ಅಂತಲೂ ಇದೆ, ನಾನು ಸ್ಕೇಲ್ ಇಟ್ಟು ನೋಡಲಿಲ್ಲ. ಒಳಗೆ ಹತ್ತು ಅಂಶ. ಯಾವ ದೇಶ, ಯಾರ ಸಹಿ, ಅವರು ಯಾವ ಹುದ್ದೆಯವರು, ಯಾರ ಮುದ್ರೆ. ಆಮೇಲೆ ಎಲ್ಲಿ, ಯಾವ ದಿನ, ಯಾರಿಂದ, ನಂಬರ್ ಎಷ್ಟು, ಮುದ್ರೆ, ಸಹಿ. ಆ ನಂಬರನ್ನು ಕಂಪ್ಯೂಟರಿನಲ್ಲಿ ಹಾಕಿ ಯಾರು ಬೇಕಾದರೂ ತಾಳೆ ನೋಡಬಹುದು.

ಹತ್ತು ಅಂಶದಲ್ಲಿ ಎಲ್ಲೂ ನನ್ನ ತಮ್ಮನ ಸುದ್ದಿ ಇಲ್ಲ. ಅವನು ಹುಟ್ಟಿದನೋ ಇಲ್ಲವೋ, ಎಂದು, ಎಲ್ಲಿ, ಆ ಚೀಟಿಗೆ ಬೇಕಾಗಿಲ್ಲ. ಇದು ನನ್ನ ಕುಹಕ ಅಲ್ಲ, ಒಪ್ಪಂದ ಹೇಳುವುದೇ ಅಷ್ಟು: ಸಹಿ ನಿಜ, ಸಹಿ ಹಾಕಿದವರ ಹುದ್ದೆ ನಿಜ, ಮುದ್ರೆ ನಿಜ. ಒಳಗಿನ ಮಾತಿಗೆ ಜವಾಬ್ದಾರಿ ಇಲ್ಲ. ಸಚಿವಾಲಯದವರು ಬೆಂಗಳೂರಿನವರನ್ನು ನಂಬಿದ್ದಾರೆ. ಬೆಂಗಳೂರಿನವರು ರಿಜಿಸ್ಟ್ರಾರರನ್ನು. ರಿಜಿಸ್ಟ್ರಾರರು ಕೋರ್ಟಿನ ಆದೇಶವನ್ನು. ಕೋರ್ಟು ಸಾಲಿಯ ರಿಜಿಸ್ಟರನ್ನು. ಸಾಲಿಯ ರಿಜಿಸ್ಟರು ಮಾಸ್ತರರು ಹುಡುಗನನ್ನು ನೋಡಿದ ಒಂದು ನೋಟವನ್ನು. ಆ ಪಡಸಾಲೆಯಲ್ಲಿ ನಿಜವಾಗಿ ಇದ್ದವರಲ್ಲಿ ಈಗ ಉಳಿದಿರುವುದು ಅವ್ವ ಒಬ್ಬಳೇ. ಅವಳದು ಹೆಬ್ಬೆಟ್ಟು, ಎಲ್ಲಕ್ಕಿಂತ ಕೆಳಗೆ, ಕೋರ್ಟಿನ ಫೈಲಿನಲ್ಲಿ. ಅವಳೂ ತಾರೀಖನ್ನು ಬಿಟ್ಟುಕೊಟ್ಟಿದ್ದಳು.

ಅವ್ವನಿಗೆ ಸ್ಟಿಕ್ಕರ್ ತೋರಿಸಿದೆ. ಬೆರಳಾಡಿಸಿ ನೋಡಿದಳು. "ಇಷ್ಟ ಸಣ್ಣದಕ್ಕ ಇಷ್ಟ ಅಡ್ಡಾಡಿದ್ಯಾ?" ಅಂದಳು.

ಧಾರವಾಡದ ಕಡೆಯವರೊಬ್ಬರು ಅಲ್ಲಿಗೆ ಹೊರಟಿದ್ದರು, ಅವರ ಕೈಯಲ್ಲಿ ಕಳಿಸಿದೆವು. ಕಾಗದದ ಜೊತೆ ಅಮೀನಗಡದ ಕರದಂಟು ಒಂದು ಕಿಲೋ. ಕರದಂಟಿಗೆ ಯಾವ ಶಿಕ್ಕಾವೂ ಬೇಕಾಗಲಿಲ್ಲ.

ತಮ್ಮ ಇರುವ ಊರು ಅಲ್ಮೇರ. ಅದರ ಕಥೆ ಅವನೇ ಹೇಳಿದ. ಅಲ್ಲಿ ಮೊದಲ ಮನೆಗಳು ಎದ್ದದ್ದು 1976ರಲ್ಲಿ. ಅದಕ್ಕೆ ಮೊದಲು ಅಲ್ಲಿ ಊರೇ ಇರಲಿಲ್ಲ, ಇನ್ನೂ ಸ್ವಲ್ಪ ಹಿಂದೆ ಹೋದರೆ ನೆಲವೇ ಇರಲಿಲ್ಲ. ಸುತ್ತ ಒಡ್ಡು ಹಾಕಿ, ನೀರನ್ನು ಪಂಪಿನಲ್ಲಿ ಎತ್ತಿ ಆಚೆ ಚೆಲ್ಲಿ, 1968ರಲ್ಲಿ ಆ ನೆಲ ಒಣಗಿಸಿದರಂತೆ. ಈಗಲೂ ಊರು ಸಮುದ್ರದ ಮಟ್ಟಕ್ಕಿಂತ ಕೆಳಗೆ. ನಗರಸಭೆಯ ಕಿಟಕಿಯಲ್ಲಿ ಇದ್ದಾಕೆ ಕಾಗದ ತೆಗೆದುಕೊಂಡು ಮೊದಲು ಹಿಂದೆ ತಿರುಗಿಸಿದಳು, ನಂಬರ್ ನೋಡಿದಳು, ಆಮೇಲೆ ಮುಂದೆ. ಹುಟ್ಟಿದ ಊರಿನ ಹೆಸರು ಓದಲು ಒದ್ದಾಡಿದಳು. ಇದು ಎಲ್ಲಿ ಬರುತ್ತದೆ ಅಂತ ಸುಮ್ನೆ ಕುತೂಹಲಕ್ಕೆ ಕೇಳಿದಳು. ಇವನು ಫೋನಿನಲ್ಲಿ ಮ್ಯಾಪ್ ತೆರೆದು ತೋರಿಸಿದ. ಪೂರ್ತಿ ನೀಲಿ.

"ಏನಂದಳು?" ಅಂದೆ.

"ಏನೂ ಅನ್ಲಿಲ್ಲ. ಆಕಿಗೆ ನೀರು ಹೊಸಾದೇನಲ್ಲಲ್ಲಕ್ಕಾ. ಇವರು ನೀರು ತಗದು ಊರು ಕಟ್ಯಾರ. ನಮ್ಮವರು ಊರು ತಗದು ನೀರು ನಿಲ್ಲಿಸ್ಯಾರ."

ಈಗ ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಏರಿದರೆ ಇನ್ನಷ್ಟು ಊರುಗಳು ಜನನ ಪ್ರಮಾಣಪತ್ರದಲ್ಲಿ ಮಾತ್ರ ಉಳಿಯುತ್ತವೆ. ಆ ಊರಿನ ಮಕ್ಕಳದ್ದಾದರೂ ಈಗಲೇ ಸರಿಯಾಗಿ ಬರೆಸಿಡಿ ಅಂತ ಗೊತ್ತಿದ್ದವರಿಗೆಲ್ಲ ಹೇಳುತ್ತಿದ್ದೇನೆ.

ನೆದರ್ಲೆಂಡ್ಸ್‌ನವರಿಗೆ ಹುಟ್ಟುಹಬ್ಬ ದೊಡ್ಡ ವಿಷಯವಂತೆ. ಹುಟ್ಟಿದವನಿಗಷ್ಟೇ ಅಲ್ಲ, ಅವನ ಅಪ್ಪ ಅವ್ವ, ಹೆಂಡತಿ ಎಲ್ಲರಿಗೂ ಕೈ ಕುಲುಕಿ ಅಭಿನಂದನೆ ಹೇಳುತ್ತಾರೆ. ಆಫೀಸಿನಲ್ಲಿ ಮಾತ್ರ ಬೇರೆಯವರು ತರುವುದಿಲ್ಲ, ಹುಟ್ಟಿದವನೇ ಕೇಕ್ ಒಯ್ಯಬೇಕು. ಮೊನ್ನೆ ಜೂನ್ 1ಕ್ಕೆ ತಮ್ಮ ದೊಡ್ಡ ಕೇಕ್ ಒಯ್ದ. ಸಂಜೆ ವಿಡಿಯೋ ಕಾಲ್ ಮಾಡಿದಾಗ ಹಿಂದೆ ಬಣ್ಣದ ಕಾಗದದ ಮಾಲೆ, ಮೇಜಿನ ಮೇಲೆ ಉಳಿದ ಕೇಕ್, ಅವನ ಡಚ್ ಗೆಳೆಯರು ಒಬ್ಬೊಬ್ಬರಾಗಿ ಫೋನಿನ ಮುಂದೆ ಬಂದು ಅವ್ವನಿಗೂ ಕೈ ಬೀಸಿ ಅಭಿನಂದನೆ ಹೇಳಿದರು. ಅವ್ವ ಎಲ್ಲರಿಗೂ ನಮಸ್ಕಾರ ಮಾಡಿದಳು. ಅವರೆಲ್ಲ ಆಚೆ ಹೋದ ಮೇಲೆ ಫೋನನ್ನು ಹತ್ತಿರ ಹಿಡಿದು ಮೆಲ್ಲಗೆ ಕೇಳಿದಳು.

"ಯಾರ ಹುಟ್ಟಹಬ್ಬೋ ತಮ್ಮಾ?"